ಮನೆ ಒಕ್ಕಲಿನ ಲೆಕ್ಕ

ಇನ್ನೂರು ಜನಕ್ಕೆ ಉಪ್ಪಿಟ್ಟು ಎಂದರೆ
ರವೆ ಎಷ್ಟು, ಎಣ್ಣೆ ಎಷ್ಟು, ಕರಿಬೇವು ಎಷ್ಟು ಹಿಡಿ,
ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ.
ಹದಿನಾಲ್ಕು ಜನಕ್ಕೆ ಎಷ್ಟು, ಎಂದು ವಾರಿಜ ಕೇಳಿದಾಗ
ಕ್ಯಾಲೆಂಡರಿನ ಬೆನ್ನಿಗೆ ಬರೆದು ಭಾಗಿಸಬೇಕಾಯಿತು.
ಹಸಿಮೆಣಸು ಐದೂಕಾಲು ಬಂತು.
ಆ ಕಾಲು ಮೆಣಸನ್ನು ಏನು ಮಾಡುವುದೆಂದು
ರಾತ್ರಿ ಹತ್ತಕ್ಕೆ ಇಬ್ಬರೂ ನಕ್ಕೆವು.

ನಾಲಾಸೋಪಾರ, ಮೂರನೆಯ ಮಾಳಿಗೆ,
ಒಂದು ರೂಮು, ಒಂದು ಅಡಿಗೆಕೋಣೆ,
ಬಾಗಿಲಿಗೆ ಒಳಗಿನಿಂದ ಹಾಕುವ ಚಿಲಕ.
ಐವತ್ತೊಂದು ವಯಸ್ಸು ನನಗೆ;
ಮೊದಲ ಮೂರು ರಾತ್ರಿ ಎದ್ದೆದ್ದು ಅದನ್ನು ಮುಟ್ಟಿ ನೋಡಿದೆ.
ಮಾಟುಂಗದ ಹೋಟೆಲಿನ ಅಟ್ಟದಲ್ಲಿ
ಹನ್ನೊಂದು ಚಾಪೆ, ಒಂದು ಫ್ಯಾನು.
ಬೀಗ ಇದ್ದದ್ದು ಧಣಿಯ ಗಲ್ಲೆಗೆ ಮಾತ್ರ.

ಭಟ್ಟರು ಹೇಳಿದರು: ಬುಧವಾರ, ಬೆಳಗ್ಗೆ ಆರೂಹತ್ತು, ವೃಷಭ ಲಗ್ನ.
ಆರೂಹತ್ತಕ್ಕೆ ನಮ್ಮವರು ಇಡ್ಲಿ ಇಳಿಸುತ್ತಿರುತ್ತಾರೆ, ಭಟ್ಟರೇ.
ಹಾಗಾದರೆ ಹನ್ನೆರಡಕ್ಕೆ?
ಊಟದ ರಶ್ಶು.
ಮೂರೂವರೆಯಿಂದ ಐದು, ಅದೊಂದೇ ಹೋಟೆಲಿನವರ ಬಿಡುವು.
ಬರಲಿಕ್ಕೆ ಒಂದು ಗಂಟೆ, ಹೋಗಲಿಕ್ಕೆ ಒಂದು ಗಂಟೆ:
ಮುಟ್ಟುವ ಮೊದಲೇ ಹೊರಡಬೇಕು.

ಹಾಗಾಗಿ ಕೊನೆಯ ಲೋಕಲಿಗೆ ಬರುವುದು,
ಮೊದಲ ಲೋಕಲಿಗೆ ಹೋಗುವುದು,
ನಡುವೆ ಎಷ್ಟು ರಾತ್ರಿ ಸಿಗುತ್ತದೋ ಅಷ್ಟೇ ಒಕ್ಕಲು.
ನಿಮ್ಮದು ರೈಲ್ವೆ ಪಂಚಾಂಗ ಮಾರಾಯರೆ,
ಅಂದರು ಭಟ್ಟರು.
ಅಡ್ವಾನ್ಸ್ ದಕ್ಷಿಣೆ ಮಾತ್ರ ಹಿಂದೆ ಕೊಡಲಿಲ್ಲ.

ಯಾರ್‍ಯಾರು?
ದೋಸೆಕಲ್ಲಿನ ಡೂಮಣ್ಣ. ಅವನಿಗೆ ದೋಸೆ ತೋರಿಸಬಾರದು.
ಚಟ್ನಿಯ ಐತಪ್ಪ, ಅವನ ಭಾವ.
ಲೋಟ ತೊಳೆಯುವ ಬಿರಜು, ಬಿಹಾರದ ಹುಡುಗ,
ಕನ್ನಡ ಬಾರದು, ತುಳುವಿನಲ್ಲಿ ಚೆನ್ನಾಗಿ ಬಯ್ಯುತ್ತಾನೆ.
ಕೊರಗಪ್ಪಣ್ಣನ ಹೆಸರೂ ಬರೆದೆ.
ಬರೆದ ಮೇಲೆ ನೆನಪಾಯಿತು.
ಹೊಡೆದುಹಾಕಲಿಲ್ಲ; ಒಂದು ಎಲೆ ಹೆಚ್ಚು ತಂದರಾಯಿತು.
ಧಣಿಯನ್ನು?
ಅವರು ಬಂದರೆ ಇವರು ಯಾರೂ ಕೂರುವುದಿಲ್ಲ.

ಕೂರುವುದೇ ಕಷ್ಟ ಇವರಿಗೆ.
ವಾರಿಜ ಸೌಟು ಎತ್ತಿದಳೋ
ಅಷ್ಟೂ ಜನ ಒಟ್ಟಿಗೆ ಏಳುತ್ತಾರೆ ಬಡಿಸಲಿಕ್ಕೆ,
ಹೆಗಲ ಮೇಲೆ ಬಟ್ಟೆ ಇಲ್ಲದಿದ್ದರೂ
ಹೆಗಲು ತಡವಿಕೊಳ್ಳುತ್ತ.
ಗೋಡೆಗೊಂದು ಬೋರ್ಡು ಹಾಕೋಣ:
ಎದ್ದವರಿಗೆ ಪಾಯಸ ಇಲ್ಲ.

ಇನ್ನು ಹಾಲು.
ಇಪ್ಪತ್ತೇಳು ವರ್ಷ, ದಿನಕ್ಕೆ ಅರುವತ್ತು ಲೀಟರು,
ಒಂದು ಹನಿ ಉಕ್ಕಲು ಬಿಟ್ಟವನಲ್ಲ ನಾನು.
ಉಕ್ಕಿದರೆ ಸಂಬಳದಲ್ಲಿ ಹಿಡಿಯುತ್ತಿದ್ದರು.
ಈಗ ಅದೇ ಉಕ್ಕಬೇಕಂತೆ,
ಪೂರ್ವಕ್ಕೆ ಉಕ್ಕಿದರೆ ಇನ್ನೂ ಒಳ್ಳೆಯದಂತೆ.
ನಿನ್ನೆ ಅರ್ಧ ಲೀಟರಿನಲ್ಲಿ ಅಭ್ಯಾಸ ಮಾಡಿದೆವು.
ನೊರೆ ಅಂಚಿಗೆ ಬಂದದ್ದೇ
ಕೈ ನನ್ನನ್ನು ಕೇಳದೆ ಉರಿ ತಗ್ಗಿಸಿತು.
ಎರಡನೆಯ ಸಲವೂ.

ಮೂರನೆಯ ಸಲ ವಾರಿಜ ಹಿಂದಿನಿಂದ ಬಂದು
ನನ್ನೆರಡೂ ಕೈ ಹಿಡಿದುಕೊಂಡಳು.
ಮದುವೆಯಾಗಿ ಹತ್ತೊಂಬತ್ತು ವರ್ಷ.
ಊರಿಗೆ ಹೋದ ರಜೆ ವರ್ಷಕ್ಕೆ ಇಪ್ಪತ್ತು ದಿನ.
ಈ ಲೆಕ್ಕ ನನಗೆ ಕ್ಯಾಲೆಂಡರಿಲ್ಲದೆ ಬರುತ್ತದೆ:
ಒಂದು ವರ್ಷ, ಹದಿನೈದು ದಿನ.
ಬಿಡು ಅಂದೆ, ಉಕ್ಕುತ್ತದೆ.
ಬಿಡಲಿಲ್ಲ.
ಹಾಲು ಒಮ್ಮೆ ಉಸಿರೆಳೆದ ಹಾಗೆ ಮೇಲೆದ್ದು
ಸ್ಟವ್ವು ದಾಟಿ, ಕಡಪಾ ಕಲ್ಲು ದಾಟಿ,
ಟೈಲ್ಸಿನ ಗೆರೆ ಹಿಡಿದು ಬಾಗಿಲ ಕಡೆ ಹೊರಟಿತು.

ಪೂರ್ವವೇನಲ್ಲ ಅದು. ಸ್ಟೇಷನ್ ಇರುವ ಕಡೆ.

ಟ್ಯಾಂಕರಿನ ನೀರು ನಾಳೆ ಆರಕ್ಕೇ ಬರುವುದು.
ಪಟ್ಟಿಯ ಕೊನೆಗೆ ಸೇರಿಸಿದ್ದೇನೆ:
ನೆಲ ಒರೆಸುವ ಬಟ್ಟೆ, ಎರಡು.