ಅರ್ಧ ಟಿಕೆಟ್

ಪ್ರೋಗ್ರಾಂ ಬರೆಯೋಕೆ ಗಣಿತ ಬೇಕೇನಕ್ಕ
ಅಂತ ಕೇಳಿದಳು ಕೆಳಗಿನ ಝೆರಾಕ್ಸ್ ಅಂಗಡಿಯ ಸುಹಾನಾ.
ಪಿಯುಸಿಯಲ್ಲಿ ನನಗೆ ಮೂವತ್ತೈದು,
ಅದರಲ್ಲೂ ನಾಲ್ಕು ಕೃಪಾಂಕ.
ಆಟಕ್ಕುಂಟು, ಲೆಕ್ಕಕ್ಕಿಲ್ಲ;
ಹೀಗೇ ಹತ್ತು ವರ್ಷ ದುರ್ಗಿಗುಡಿಯ ಈ ಮಹಡಿಯಲ್ಲಿ
ಕೋಡು ಬರೆದು ಉಂಡಿದ್ದೇನೆ.
ಬೇಡ ಅನ್ನಲು ಬಾಯಿ ತೆರೆದೆ.

ಆಗ ನೆನಪಾದರು ಕಂಡಕ್ಟರ್ ಹಾಲೇಶಪ್ಪ.

ಮಿನೇಜಸರ ಬಸ್ಸಿನ ಟಿಕೆಟ್ ಮಿಷನ್ನಿನೊಳಗೆ
ಇರುವುದು ನನ್ನದೇ ಕೈಬರಹ.
ಒಂದು ಶನಿವಾರ ಮಂಡಗದ್ದೆಗೆ ಹಕ್ಕಿ ನೋಡಲು
ನಲವತ್ತಾರು ಮಕ್ಕಳು, ಎಲ್ಲ ಅರ್ಧ ಟಿಕೆಟ್.
ಮಿಷನ್ನು ಹೇಳಿತು: ಏಳುನೂರ ಎಂಬತ್ತೆರಡು.
ಚೀಲದಲ್ಲಿತ್ತು ಎಂಟುನೂರ ಐದು.
ಕಮ್ಮಿ ಬಿದ್ದರೆ ಕೈಯಿಂದ ಕಟ್ಟಬಹುದು,
ಹೆಚ್ಚು ಬಂದರೆ ಕಳ್ಳತನ.
ಟಿಕೆಟ್ ಹರಿಯದೆ ಯಾರನ್ನು ಹತ್ತಿಸಿದೆ ಹೇಳು, ಅಂದರಂತೆ.
ಮೂರು ದಿನ ಮನೆಯಲ್ಲಿ ಕೂರಿಸಿದರು.

ನಾಲ್ಕನೆಯ ದಿನ ಮೆಟ್ಟಿಲು ಹತ್ತಿ ಬಂದವರು
ಹಳೇ ಟಿಕೆಟ್ಟಿನ ಬೆನ್ನ ಮೇಲೆ,
ಚಿಲ್ಲರೆ ಬಾಕಿ ಬರೆಯುವ ಅದೇ ಓರೆ ಅಕ್ಷರದಲ್ಲಿ ಬರೆದರು:
ಎರಡು ಅರ್ಧ, ಒಂದು ಫುಲ್ಲು.
ಇಪ್ಪತ್ಮೂರು ಫುಲ್ಲು. ತಲಾ ಮೂವತ್ತೈದು.

ನಾನು ಒಂದೊಂದರ ಐವತ್ತು ಪೈಸೆ ಕೊಡವಿ ಆಮೇಲೆ ಕೂಡಿಸಿದ್ದೆ.
ಅವರು ಮೊದಲೇ ಕೂಡಿಸಿದ್ದರು;
ಕೊಡವಲು ಏನೂ ಉಳಿದಿರಲಿಲ್ಲ.

ಕೂಡುವ ಸಾಲನ್ನು ಒಂದು ಮೆಟ್ಟಿಲು ಮೇಲಕ್ಕೆತ್ತಿಟ್ಟೆ, ಅಷ್ಟೇ.
ಮೂರು ದಿನದ ಸಂಬಳ ಯಾವ ಸಾಲಿಗೆ ಸೇರಿಸುವುದೋ
ಗೊತ್ತಾಗಲಿಲ್ಲ.

ಸುಹಾನಾ ಇನ್ನೂ ನಿಂತಿದ್ದಾಳೆ,
ಕೈಯಲ್ಲಿ ಬಿಸಿ ಆರದ ಝೆರಾಕ್ಸ್.
ಮೇಜಿನ ಗಾಜಿನಡಿಯಿಂದ ಆ ಟಿಕೆಟ್ ತೆಗೆದು ಕೊಟ್ಟೆ.
ಆ ಕಡೆ ಅಲ್ಲ ಮಾರಾಯ್ತಿ,
ಬೆನ್ನು ಓದು.