ಎರಡು ಗಂಟೆಗೊಮ್ಮೆ ಮಗ್ಗುಲು

ಎಡ್ನಾಳ ಮುಂಗೈ ಮೇಲೆ ನಾಲ್ಕು ಕಲೆ,
ಒಳಬದಿಯಲ್ಲಿ ಒಂದು, ಹೆಬ್ಬೆರಳಿನಷ್ಟು.
ಬಾಗಿಲಿಗೆ ತಗುಲಿತು ಎಂದು ಬರೆದಿದೆ.
ಬಾಗಿಲಿಗೆ ಬೆರಳಿರುವುದಿಲ್ಲ, ರುವಿಂಬೊಗೆ ಗೊತ್ತು.
ಕೆಳಗೆ ಸಹಿ ಹಾಕಿದಳು.

ಗ್ರಿಮ್ಸ್‌ಬಿಯಲ್ಲಿ ಬೆಳಗಿನ ಜಾವ ನಾಲ್ಕು.
ಮೂವತ್ತೊಂದು ಮಂಚ, ನೋಡಿಕೊಳ್ಳಲು ಇಬ್ಬರೇ ಇಬ್ಬರು,
ಅವಳು, ಮತ್ತೆ ಡ್ಯಾರೆನ್.
ಬಂದರಿನ ಗೋದಾಮಿನಲ್ಲಿ ನಲವತ್ತು ವರ್ಷ
ಮೀನು ಸೀಳಿದ ಎಡ್ನಾ
ನಿದ್ದೆಯಲ್ಲೂ ಹೊದಿಕೆಯ ಅಂಚು ಹಿಡಿದು
ಕಿವಿರಿನಿಂದ ಬಾಲದವರೆಗೆ ಸರ್ರನೆ ಎಳೆಯುತ್ತಾಳೆ,
ಮುಳ್ಳು ಬಿಡಿಸಿ ಪಕ್ಕಕ್ಕಿಡುತ್ತಾಳೆ.
ಆ ಕೈಯನ್ನೇ ಅವನು ಹಿಡಿದು ಜಗ್ಗಿದ್ದು.

ಹೇಳಬಹುದು.
ಗೋಡೆಯ ಮೇಲೆ ಫೋನ್ ನಂಬರು ಅಂಟಿಸಿದ್ದಾರೆ,
ಹೆಸರು ಹೇಳಬೇಕಿಲ್ಲವಂತೆ.
ಪಾಳಿಯಲ್ಲಿ ಇರುವುದೇ ಇಬ್ಬರಾದಾಗ
ಹೆಸರು ಹೇಳದಿರುವುದು ಹೇಗೆ?

ವೀಸಾದ ಮೇಲಿರುವುದು ಈ ಆಶ್ರಮದ ಹೆಸರು.
ಕೆಲಸ ಹೋದರೆ ಅರವತ್ತು ದಿನ, ಆಮೇಲೆ ವಿಮಾನ.
ಮುತಾರೆಯಲ್ಲಿ ಅಣ್ಣ ಹಸು ಮಾರಿ
ಏಜೆಂಟನ ಕೈಗಿಟ್ಟದ್ದು ಇನ್ನೂ ತೀರಿಲ್ಲ.
ಮಾತು ಬೆಳ್ಳಿ, ಮೌನ ಬಂಗಾರ.
ಇಲ್ಲಿ ಗಂಟೆಗೆ ಹನ್ನೆರಡು ಪೌಂಡು.

ಇಷ್ಟನ್ನು ಯಾರಿಗಾದರೂ ಹೇಳಿಕೊಂಡರೆ ಅಯ್ಯೋ ಅಂದಾರು.
ಹೇಳಿಕೊಳ್ಳಲಾಗದ್ದು ಬೇರೆ ಇದೆ.

ಹೋದ ತಿಂಗಳು ಏಳನೆಯ ಕೋಣೆಯ ಮುದುಕ
ಕರೆಗಂಟೆ ಒತ್ತಿದ, ಒತ್ತಿದ, ಒತ್ತುತ್ತಲೇ ಇದ್ದ.
ಆ ವಯರನ್ನು ಕೈಗೆಟುಕದ ಹಾಗೆ
ಮಂಚದ ಹಿಂದಕ್ಕೆ ಸಿಕ್ಕಿಸಿದವಳು ಯಾರು?
ಬೆಳಿಗ್ಗೆ ಒದ್ದೆಯಲ್ಲೇ ನಡುಗುತ್ತಿದ್ದವನು
ಬಟ್ಟೆ ಬದಲಿಸಿದ್ದಕ್ಕೆ ಎರಡು ಸಲ ಥ್ಯಾಂಕ್ಸ್ ಅಂದ.
ಬಾಗಿಲಲ್ಲಿ ನಿಂತು ಡ್ಯಾರೆನ್ ನೋಡಿದ.
ಏನೂ ಅನ್ನಲಿಲ್ಲ.
ಅದು ಅವನ ಹದಿನಾರನೆಯ ಗಂಟೆ,
ಕಣ್ಣು ಕೆಂಡ.
ಫ್ಲಾಸ್ಕು ಬಿಚ್ಚಿ, ಮುಚ್ಚಳಕ್ಕೆ ಬಗ್ಗಿಸಿ ಕೊಟ್ಟ.
ಅವಳು ಕುಡಿದಳು.
ಅನ್ನದ ಋಣವಾದರೆ ದುಡಿದು ತೀರಿಸಬಹುದು,
ಈ ಅರ್ಧ ಮುಚ್ಚಳ ಚಹಾದ್ದು?

ಐದೂವರೆ. ಹಗಲಿನವರು ಬರುವ ಮೊದಲು
ಖಾಲಿ ಮನೆಗಳನ್ನೆಲ್ಲ ಒಂದೇ ಪೆನ್ನಿನಲ್ಲಿ,
ಒಂದೇ ಉಸಿರಿನಲ್ಲಿ ತುಂಬುತ್ತಾಳೆ:
ಹನ್ನೆರಡು, ಬಲ. ಎರಡು, ಎಡ. ನಾಲ್ಕು, ಬಲ.
ಪಕ್ಕದಲ್ಲಿ ಎಡ್ನಾ, ಅಂಗಾತ,
ರಾತ್ರಿ ಮಲಗಿಸಿದ ಹಾಗೇ.

ಕಣ್ಣು ಬಿಟ್ಟವಳು ಕೈ ಚಾಚಿ
ರುವಿಂಬೊಳ ಅಂಗೈಯಲ್ಲಿ ಏನೋ ಇಟ್ಟಳು, ಜೋಪಾನವಾಗಿ.
"ತಗೋ ಮಗಳೇ, ಮುಳ್ಳಿಲ್ಲ.
ಒಂದೊಂದೂ ನೋಡಿ ತೆಗೆದಿದ್ದೀನಿ."

ಬರಿಗೈಯನ್ನು ಮುಚ್ಚಿದಳು.
ಇನ್ನೊಂದು ಕೈಯಲ್ಲಿ ಪೆನ್ನು.
ಆರು ಗಂಟೆ, ಎಡ.