ಬಡಿದು ನೋಡುವುದು

ಹದಿನೇಳು ಸಾವಿರದ ನಾನೂರು.
ಇಳಿಸಿದ ಹಂಚಿನ ಲೆಕ್ಕ ನನ್ನದು.
ಬೋಳಾರದ ಹೊಳೆಬದಿಯ ಕಾರ್ಖಾನೆಗೆ ಈಗ ಮಾಡಿಲ್ಲ,
ಬರೀ ಪಕ್ಕಾಸು, ರೀಪು,
ನಡುವೆ ತುಂಡು ತುಂಡು ಆಕಾಶ.

ಬೆಂಗ್ರೆಯ ಹುಡುಗರು ನಾರಿನ ಬ್ರಷ್ಷು ಹಿಡಿದು
ಪಾಚಿ ಉಜ್ಜುತ್ತಾರೆ. ಹಸಿರು ನೀರು ಚರಂಡಿಗೆ.
ಒಂದು ಹಂಚಿನ ಮೇಲೆ ನಾಯಿಯ ಹೆಜ್ಜೆ,
ಮಣ್ಣು ಹಸಿಯಿದ್ದಾಗ ದಾಟಿಹೋದದ್ದು.
ಅದನ್ನು ಯಾರೂ ಜೋರಾಗಿ ಉಜ್ಜಲಿಲ್ಲ.

ಗಟ್ಟಿ ಯಾವುದು, ಒಳಗೊಳಗೇ ಬಿರಿದದ್ದು ಯಾವುದು?
ಪರೀಕ್ಷೆಯ ಯಂತ್ರ ಮಣಿಪಾಲದಿಂದ ಬರಬೇಕು, ಸೋಮವಾರ.
ಅಷ್ಟರಲ್ಲಿ ಗೇಟಿನಂಗಡಿಯ ಸಂಜೀವಣ್ಣ
ರಿಕ್ಷಾದಲ್ಲಿ ತನ್ನ ಅತ್ತೆಯನ್ನು ಕರೆತಂದ.
ದೇಯಿ. ಮೂವತ್ತೊಂದು ವರ್ಷ ಇಲ್ಲೇ ದುಡಿದವಳು.
ಕುರ್ಚಿ ಬೇಡವೆಂದಳು,
ಎರಡು ಹಂಚು ಮಣೆಯಂತೆ ಹಾಕಿ ಕೂತಳು,
ಬೆರಳಗೆಣ್ಣಿನಿಂದ ಬಡಿದಳು.

ಠಣ್. ಠಣ್. ಠಣ್. ಡಬ್.
"ಇದು ಬೇಡ."
ಠಣ್.

ಊಟದ ಹೊತ್ತಿಗೆ ಆರುನೂರು.
ಅಷ್ಟೂ ಹೊತ್ತು ಕಣ್ಣು ಮುಚ್ಚಿಯೇ ಇತ್ತು;
ಪೊರೆ ಬಂದಿದೆ ಮಾರಾಯ್ರೆ, ತೆರೆದರೂ ಒಂದೇ, ಎಂದಳು.

ಆಮೇಲೆ ಎದ್ದು, ಗೋಡೆ ಹಿಡಿದು ನಡೆದು,
ಒಣಗಿಸುವ ಅಟ್ಟದಲ್ಲಿ ಕತ್ತೆತ್ತಿ ಕೇಳಿದಳು:
"ಮೂರನೆಯ ತೊಲೆಯಲ್ಲಿ ಕೊಕ್ಕೆ ಉಂಟಲ್ಲ?"
ಉಂಟು.
ನನ್ನ ಕೈಯ ಪಟ್ಟಿಯಲ್ಲಿ ಅದಕ್ಕೊಂದು ಅಂಕೆಯೂ ಉಂಟು:
ನಲವತ್ತೆರಡು. ತುಕ್ಕು ಕಬ್ಬಿಣ. ತೆಗೆಯುವುದು.

"ಹಳೆ ಸೀರೆಯ ಜೋಲಿ ಕಟ್ಟುತ್ತಿದ್ದೆವು.
ನನ್ನ ಎರಡು, ಸೆರಫಿನಳ ಮೂರು.
ಕೆಳಗಿನಿಂದ ಭಟ್ಟಿಯ ಬಿಸಿ ಬರುತ್ತಿತ್ತು,
ಮಕ್ಕಳಿಗೆ ಬೇಗ ನಿದ್ದೆ.
ಒಂದು ಏಳಲೇ ಇಲ್ಲ."
ಯಾರದ್ದೆಂದು ಹೇಳಲಿಲ್ಲ.
ಮತ್ತೆ ಹೋಗಿ ಹಂಚಿನ ಮುಂದೆ ಕೂತಳು.

ಚಿಮಣಿ ಉಳಿಯುತ್ತದೆ, ಅಶ್ವತ್ಥದ ಬೇರು ಬಿಡಿಸಿಯಾದ ಮೇಲೆ.
ಭಟ್ಟಿಯೊಳಗೆ ಕಾಫಿಯ ಮೇಜು ಬರುತ್ತದೆ.
ಗೋಡೆಗೆ ಸುಣ್ಣದ ಗಾರೆಯೇ ಆಗಬೇಕು, ಸಿಮೆಂಟು ಸೋಕಬಾರದು;
ಹಳೆಯ ಕಲ್ಲು ಉಸಿರಾಡಬೇಕಂತೆ,
ನಕ್ಷೆಯ ಸಾಹೇಬರು ಪ್ರೀತಿಯಿಂದಲೇ ಹೇಳುತ್ತಾರೆ.

ಸಂಜೆ ಎಲ್ಲರೂ ಹೋದ ಮೇಲೆ
ನಲವತ್ತೆರಡರ "ತೆಗೆಯುವುದು" ಹೊಡೆದುಹಾಕಿ
"ಇರಲಿ" ಎಂದು ಬರೆದೆ.
ಪಕ್ಕದಲ್ಲಿ ಕಾರಣಕ್ಕೊಂದು ಕಾಲಂ.
ಎರಡಿಂಚು ಅಗಲ.
ಪೆನ್ನು ಹಿಡಿದು ಕೂತೇ ಇದ್ದೆ, ಹೊಳೆಯಲ್ಲಿ
ಹೊಯಿಗೆ ದೋಣಿಯೊಂದು ದೀಪ ಹಚ್ಚುವವರೆಗೆ.

ಕೊನೆಗೆ ಏಣಿ ಇಟ್ಟು ಹತ್ತಿ
ಕೊಕ್ಕೆಯನ್ನು ಬೆರಳಗೆಣ್ಣಿನಿಂದ ಬಡಿದೆ.
ಕಣ್ಣಿಗಿಷ್ಟು ತುಕ್ಕು ಉದುರಿತು.
ಸದ್ದೇನೋ ಬಂತು.
ಯಾವುದೆಂದು ತಿಳಿಯುವಷ್ಟು
ಕಿವಿ ನನಗಿಲ್ಲ.